ಮುನೀರಾ ಕುಡಿಯದ ನೀರು

ತೂಕ ಇಳಿಸಲು ತಂಗಿ ಮುನೀರಾ ಕುವೈತಿನಲ್ಲಿದ್ದಾಗಲೇ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳಾಗಿತ್ತು; ಈಗ ಊರಿಗೆ, ಅತ್ತೆಮನೆಗೆ ಬಂದಿದ್ದಳು. ಅಂಥ ಆಪರೇಷನ್ ಮಾಡಿಸಿಕೊಂಡವರನ್ನು ಅವಳ ಅತ್ತೆ ಸೋಮಾರಿಗಳೆಂದು ಹಂಗಿಸುತ್ತಿದ್ದುದರಿಂದ ಅವರಿಗೆ ಹೇಳಿರಲಿಲ್ಲ. ಈ ರಂಜಾನಿನಲ್ಲಿ ಉಪವಾಸ ಬೇಡ, ಆಗಾಗ ನೀರು ಗುಟುಕರಿಸಿ ಆ್ಯಪಿನಲ್ಲಿ ಗುರುತು ಹಾಕಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಗುರುತು ಬೀಳದಿದ್ದರೆ ನರ್ಸ್ ಫೋನ್ ಮಾಡುತ್ತಿದ್ದಳು.

“ಉಪವಾಸ ಬಿಟ್ರೆ ಅತ್ತೆ ಯಾಕೆ ಅಂತಾರೆ. ಅಕ್ಕಾ, ಆ್ಯಪ್ ನಿನ್ನ ಫೋನಲ್ಲಿಟ್ಕೊಂಡು ನೀನೇ ಒತ್ತು.”

“ನೀರು ನೀನು ಕುಡೀಬೇಕಲ್ಲೇ, ನಾನು ಒತ್ತಿದ್ರೆ ಏನು ಬಂತು?”

“ನನ್ನ ಕಾವಲು ಕಾಯೋದಂದ್ರೆ ನಿಂಗೆ ಮೊದ್ಲಿಂದ ಇಷ್ಟ ತಾನೆ? ಕಾಯಿ!” ಎಂದು ನಕ್ಕಳು.

ಕಚೇರಿಯಲ್ಲಿ ಕೂತು, ಗಂಟೆಗೊಮ್ಮೆ, ಹದಿನೇಳು ದಿನ ಒತ್ತಿದೆ. ನರ್ಸ್ ಒಮ್ಮೆಯೂ ಫೋನ್ ಮಾಡಲಿಲ್ಲ.

ಹದಿನೆಂಟನೆಯ ದಿನ ಇಫ್ತಾರಿಗೆ ಮೊದಲೇ ಮುನೀರಾ ಅಡುಗೆಮನೆಯಲ್ಲಿ ಕುಸಿದಳು. ಕಿಡ್ನಿ ಕೆಲಸ ನಿಲ್ಲಿಸಿದೆ ಎಂದರು ಡಾಕ್ಟರ್. ಐಸಿಯು ಬಾಗಿಲಲ್ಲಿ ನಾನು ಅವಳ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಒಳಗೆ ಹೋಗಿ ಸೊಸೆಯ ಕೈ ಹಿಡಿದುಕೊಂಡರು.

“ಹುಚ್ಚಿ, ಒಂದು ಮಾತು ಹೇಳಿದ್ರೆ ನಾನೇ ನೀರು ತಂದ್ಕೊಡ್ತಿದ್ನಲ್ಲೇ, ಮಗಳೇ.”

ಮುನೀರಾ ಕಣ್ಣು ತೆರೆಯಲಿಲ್ಲ. ಅತ್ತೆ ಅದನ್ನೇ ಮತ್ತೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು.