ಹನ್ನೆರಡಕ್ಕಿಂತ ಕೆಳಗೆ

ಅಳಿಯ ಆ ಪುಟ್ಟ ಮೀಟರನ್ನು ತಂದು ಕಾರಿಗೆ ಸಿಕ್ಕಿಸಿದ ದಿನ ಅತ್ತೆ ಕೆಮ್ಮು ಬರುವಷ್ಟು ನಕ್ಕಿದ್ದರು. ಹೆಬ್ಬೆರಳಿನಷ್ಟು ಗಾತ್ರದ ಸಾಮಾನು ಅದು. ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ತೂತಿಗೆ ಚುಚ್ಚಿದರೆ ಬ್ಯಾಟರಿಯ ವೋಲ್ಟನ್ನು ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು. ಇಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಇದ್ದರೆ ಎಲ್ಲ ಸರಿ. ಹನ್ನೆರಡಕ್ಕಿಂತ ಕೆಳಗಿಳಿದರೆ ಕಾರು ಯಾವ ಗಳಿಗೆಯಲ್ಲಾದರೂ ಕೈಕೊಡಬಹುದು.

"ಅಳಿಯಂದ್ರೇ, ಉಸಿರು ನೋಡೋಕೆ ನನ್ನ ಬೆರಳಿಗೊಂದು ಮೀಟರು, ನಿಮ್ಮ ಕಾರಿಗೊಂದು ಮೀಟರು. ಇನ್ನು ನನ್ನ ಮಗಳ ಕೋಪಕ್ಕೊಂದು ತಂದ್ಬಿಡಿ, ಮನೆ ತಣ್ಣಗಿರುತ್ತೆ," ಎಂದಿದ್ದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತೇ ಅವರ ಬದುಕು. ಈಗ ಶ್ವಾಸಕೋಶ ಸೋತು, ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆಯಬೇಕಾಗಿತ್ತು. ಕೈಚೀಲದಷ್ಟು ದೊಡ್ಡ ಆಕ್ಸಿಜನ್ ಮಷೀನು ಸದಾ ಪಕ್ಕದಲ್ಲಿರುತ್ತಿತ್ತು. ಅದರೊಳಗಿನ ಬ್ಯಾಟರಿ ಕೆಟ್ಟಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಗೋಡೆಯ ಪ್ಲಗ್ಗು, ಹೊರಗೆ ಹೊರಟರೆ ಕಾರಿನ ಹಿಂದಿನ ಸೀಟಿನ ಬಳಿಯ ಪ್ಲಗ್ಗು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅಳಿಯನೋ ಬೀಗ ಹಾಕಿದ ಮೇಲೂ ಬಾಗಿಲು ಜಗ್ಗಿ ನೋಡುವ ಸ್ವಭಾವದವನು. ಅತ್ತೆಯ ಉಸಿರು ಕಾರಿನ ಬ್ಯಾಟರಿಯನ್ನು ನಂಬಿಕೊಂಡಿದೆ ಎಂಬುದು ಹೊಳೆದಂದೇ ಅವನು ಆ ಮೀಟರ್ ತಂದದ್ದು.

ತಪಾಸಣೆಗೆ ಹೋಗಬೇಕಾಗಿದ್ದ ದಿನ ಹೆಂಡತಿಗೆ ರಜೆ ಸಿಗಲಿಲ್ಲ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವನೊಬ್ಬನೇ ಹೊರಟ. ಸೇತುವೆ ಇನ್ನೇನು ಬಂತು ಅನ್ನುವಾಗ ವಾಹನಗಳೆಲ್ಲ ನಿಂತುಬಿಟ್ಟವು. ಸೇತುವೆಯ ಮೇಲೆ ಟ್ಯಾಂಕರೊಂದು ಅಡ್ಡಬಿದ್ದಿದೆ ಎಂದು ಯಾರೋ ಹೇಳಿಕೊಂಡು ಹೋದರು. ಹಿಂದೆಯೂ ಸಾಲು ಬೆಳೆಯಿತು. ಬಿಸಿಲು ನೆತ್ತಿಗೇರಿತ್ತು.

ಆಗ ಅವನ ಕಣ್ಣು ಮೀಟರಿನ ಮೇಲೆ ಬಿತ್ತು. ಇಂಜಿನ್ ಓಡುತ್ತಲೇ ಇತ್ತು, ಅಂಕಿ ಮಾತ್ರ ಹನ್ನೆರಡೂವರೆ. ಬೆರಳಿನಿಂದ ತಟ್ಟಿದ. ಕಿತ್ತು ಮತ್ತೆ ಸಿಕ್ಕಿಸಿದ. ಹನ್ನೆರಡೂ ಕಾಲು.

"ಏನಂತೆ ನಿಮ್ಮ ಮೀಟರು?" ಅತ್ತೆ ಕೇಳಿದರು.

"ಏನಿಲ್ಲ ಅತ್ತೆ. ಎಸಿ ಸ್ವಲ್ಪ ಆರಿಸ್ತೀನಿ."

ಎಸಿ ಆರಿಸಿದ, ರೇಡಿಯೋ ಆರಿಸಿದ, ಮೊಬೈಲಿನ ವೈರು ಕಿತ್ತ. ಅಂಕಿ ಇಳಿಯುವುದು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಲಾರಿಯ ಡ್ರೈವರ್ ಇವನ ಮುಖ ನೋಡಿಯೇ ಇಳಿದು ಬಂದು ಬಾನೆಟ್ ಎತ್ತಿಸಿದ.

"ಡೈನಮೋ ಹೋಗಿದೆ ಸಾರ್. ಬ್ಯಾಟರಿಗೆ ಚಾರ್ಜೇ ಆಗ್ತಿಲ್ಲ. ಒಳಗೆ ಇರೋದು ಮುಗಿಯೋ ತನಕ ಅಷ್ಟೇ."

"ನಿಮ್ಮ ಲಾರಿಯಿಂದ ಮಷೀನಿಗೆ ಕೊಡೋಕಾಗುತ್ತಾ?"

"ನಂದು ಇಪ್ಪತ್ನಾಲ್ಕು ವೋಲ್ಟು. ಸಿಕ್ಕಿಸಿದ್ರೆ ಮಷೀನು ಸುಟ್ಟೇ ಹೋಗುತ್ತೆ," ಎಂದು ಅವನು ತಲೆ ಕೆರೆದುಕೊಂಡ. ಏನೂ ಮಾಡಲಾಗದೆ ಅಲ್ಲೇ ನಿಂತ. ಹೋಗಲೂ ಅವನಿಗೆ ಮನಸ್ಸಾಗಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದರೆ, ಗಾಡಿ ಸೇತುವೆಯ ಆಚೆ ದಡದಲ್ಲಿದೆ, ದಾರಿ ಬಿಟ್ಟ ಕೂಡಲೇ ಬರುತ್ತೆ ಎಂಬ ಉತ್ತರ. ಅಂಕಿ ಹನ್ನೆರಡಕ್ಕಿಂತ ಕೆಳಗಿಳಿಯಿತು. ಇದರಿಂದೇನು ಪ್ರಯೋಜನ ಎಂದು ಅವನಿಗೆ ಅಳು ಬಂತು. ಮುಳುಗುತ್ತಿದ್ದೇವೆ ಎಂದು ಹೇಳುವುದಕ್ಕಷ್ಟೇ ಬರುವ ಮೀಟರು. ಆದರೂ ಕಣ್ಣು ಕೀಳಲಾಗಲಿಲ್ಲ.

"ನನ್ನ ಕಡೆ ನೋಡಿ," ಎಂದರು ಅತ್ತೆ. "ಅದನ್ನ ನೋಡಿದ್ರೆ... ಅದೇನು ಮೇಲೆ ಹತ್ತುತ್ತಾ?" ಸ್ವಲ್ಪ ಹೊತ್ತು ಉಸಿರೆಳೆದು, "ನೀವು ಮುಖ ಹಾಗೆ ಮಾಡ್ಕೋಬೇಡಿ. ನನಗೆ ಹೆದರಿಕೆ ಆಗುತ್ತೆ," ಎಂದರು.

ಅವರು ಹೆದರಿಕೆ ಎಂಬ ಮಾತನ್ನು ತಮಗಾಗಿ ಬಳಸಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಮಷೀನು ಕೀಚ್ ಕೀಚ್ ಎಂದು ಕೂಗಿಕೊಂಡು ಸುಮ್ಮನಾಯಿತು. ಅವನು ಹಿಂದಿನ ಕಾರುಗಳ ಕಿಟಕಿ ಬಡಿಯುತ್ತಾ ಓಡಿದ. ಒಬ್ಬ ಗಾಜು ಇಳಿಸಲೇ ಇಲ್ಲ. ಇನ್ನೊಬ್ಬನಿಗೆ ಇವನ ತೊದಲು ಅರ್ಥವಾಗಲಿಲ್ಲ. ಮೂರನೆಯ ಕಾರಿನಲ್ಲಿ ಒಂದು ದಪ್ಪ ನಾಯಿಯೊಂದಿಗೆ ಒಬ್ಬ ಹೆಂಗಸಿದ್ದಳು. ಅರ್ಧ ಮಾತು ಕೇಳುವಷ್ಟರಲ್ಲೇ ನಾಯಿಯನ್ನು ಮುಂದಿನ ಸೀಟಿಗೆ ಅಟ್ಟಿ, "ಕರ್ಕೊಂಡ್ ಬನ್ನಿ, ಬೇಗ!" ಎಂದಳು.

ಲಾರಿ ಡ್ರೈವರ್ ಕಾಲು ಹಿಡಿದ, ಇವನು ತೋಳು ಹಿಡಿದ. ಅತ್ತೆ ಇಷ್ಟು ಹಗುರವಾಗಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ತುಟಿ ನೀಲಿಗಟ್ಟಿತ್ತು. ಆ ಕಾರಿನ ತೂತಿಗೆ ಪ್ಲಗ್ ಚುಚ್ಚಿದಾಗ ಮಷೀನು ಮತ್ತೆ ಉಸಿರಾಡತೊಡಗಿತು.

"ಮಾತ್ರೆ ಚೀಲ," ಎಂದು ಅತ್ತೆ ಕೈಯಾಡಿಸಿದರು. ಅವನು ತನ್ನ ಕಾರಿಗೆ ಓಡಿದ. ಚೀಲ ಸೀಟಿನ ಕೆಳಗೆ ಜಾರಿತ್ತು. ಎಳೆದುಕೊಂಡು ತಿರುಗುವಷ್ಟರಲ್ಲಿ ಪೊಲೀಸನೊಬ್ಬ ಸಣ್ಣ ಕಾರುಗಳನ್ನೆಲ್ಲ ಹಳೆಯ ಕಿರುಸೇತುವೆ ದಾಟಿಸುವ ಪಕ್ಕದ ಮಣ್ಣುದಾರಿಗೆ ಇಳಿಸುತ್ತಿದ್ದ. ರೋಗಿ ಇದ್ದಾರೆ ಎಂದು ಕೇಳಿ ನಾಯಿಯ ಕಾರನ್ನೇ ಮೊದಲು ಬಿಟ್ಟಿದ್ದ. ಧೂಳಿನೊಳಗೆ ಅದರ ಹಿಂದಿನ ದೀಪವಷ್ಟೇ ಕಂಡಿತು.

ಚೀಲ ಅವುಚಿಕೊಂಡು ಅವನು ಅದರ ಹಿಂದೆ ಓಡಿದ. ಕೂಗಿದ. ಆ ಹೆಂಗಸಿನ ನಂಬರು ಗೊತ್ತಿಲ್ಲ, ಅತ್ತೆಯ ಫೋನು ಇದೇ ಚೀಲದಲ್ಲಿ.

ಯಾರೋ ಸ್ಕೂಟರಿನವರು ಹತ್ತಿಸಿಕೊಂಡರು. ತಾವು ಹೋಗಬೇಕಿದ್ದ ಆಸ್ಪತ್ರೆಯಲ್ಲಿ ಅತ್ತೆ ಇರಲಿಲ್ಲ. ಹತ್ತಿರದ ಇನ್ನೊಂದಕ್ಕೆ ಹೋದಾಗ, ಗೇಟಿನ ಬಳಿ ಅದೇ ನಾಯಿ ಕಾರಿನ ಕಿಟಕಿಯಿಂದ ನಾಲಿಗೆ ಚಾಚಿಕೊಂಡಿತ್ತು. ಅವನು ಕಾರಿನ ಬಳಿಗೆ ಓಡಿದ.

"ಬರ್ತಾ ಎರಡು ಸಲ ನಿಮ್ಮನ್ನ ಕೇಳಿದ್ರು," ಎಂದಳು ಆ ಹೆಂಗಸು. "ನನಗೆ ನಿಲ್ಲಿಸೋಕಾಗ್ಲಿಲ್ಲ ಅಣ್ಣಾ."

ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಕಾರು ಸರಿ ಇದ್ದಿದ್ರೂ ಇವತ್ತಲ್ಲ ನಾಳೆ ಇದೇ ಸ್ಥಿತಿ. ಶ್ವಾಸಕೋಶದಲ್ಲಿ ಏನೂ ಉಳಿದಿಲ್ಲ. ಮನೆಯವರನ್ನ ಕರೆಸಿಕೊಳ್ಳಿ." ತಪ್ಪು ಅವನದಲ್ಲ ಎಂಬ ಮಾತು ಅದು. ಆದರೂ ಕೇಳಿ ಅವನಿಗೆ ಹಗುರವೆನಿಸಲಿಲ್ಲ. ತಪ್ಪು ತನ್ನದಾಗಿದ್ದರೆ ಏನಾದರೂ ಸರಿಪಡಿಸಬಹುದಿತ್ತಲ್ಲ ಎನ್ನಿಸಿತು.

ಫೋನ್ ಮಾಡಿ ಕರೆದಿದ್ದ ಹೆಂಡತಿ ಇನ್ನೂ ದಾರಿಯಲ್ಲಿದ್ದಳು, ಸೇತುವೆಯ ಆ ಬದಿಯಲ್ಲೇ. ಅತ್ತೆಯ ಮೂಗು ಬಾಯಿಗೆ ದೊಡ್ಡ ಮಾಸ್ಕು ಹಾಕಿದ್ದರು. ಅದರ ಪಟ್ಟಿಗೆ ಕೂದಲೆಲ್ಲ ಸಿಕ್ಕಿಕೊಂಡು ಹಣೆಯ ಮೇಲೆ ಗಂಟುಗಂಟಾಗಿತ್ತು. ಅವರು ಕಣ್ಣು ಬಿಟ್ಟು ಇವನನ್ನು ನೋಡಿ ತಲೆಯ ಕಡೆ ಬೆರಳು ತೋರಿಸಿದರು. ಮಾಸ್ಕಿನೊಳಗಿಂದ ಮಾತು ಒಡೆದು ಬಂತು. "ಅವಳು ಬರೋದ್ರೊಳಗೆ... ಒಂದಿಷ್ಟು ಬಾಚಪ್ಪ. ಹೀಗೆ ನೋಡಿದ್ರೆ ಅಳ್ತಾಳೆ."

ಮದುವೆಯಾದಾಗಿನಿಂದ ಅವನನ್ನು 'ನೀವು', 'ಅಳಿಯಂದ್ರೇ' ಎಂದೇ ಕರೆದಿದ್ದ ಬಾಯಿ.

ಬಾಚಣಿಗೆ ಇರಲಿಲ್ಲ. ಅವನು ಬೆರಳುಗಳನ್ನೇ ಕೂದಲೊಳಗೆ ಇಳಿಸಿ, ಪಟ್ಟಿ ಅಲುಗದ ಹಾಗೆ, ಒಂದೊಂದೇ ಗಂಟು ಬಿಡಿಸತೊಡಗಿದ. ಸಾಧ್ಯವಿದ್ದ ಕೆಲಸ ಅದೊಂದೇ ಆಗಿತ್ತು, ಅದೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ತಲೆಯನ್ನು ಅವನ ಕೈಗೆ ಬಿಟ್ಟಿದ್ದರು. ಹೆಂಡತಿ ಓಡೋಡುತ್ತಾ ಬಂದಾಗ ಒಂದು ಕಡೆಯ ಕೂದಲಷ್ಟೇ ನೇರವಾಗಿತ್ತು. ಅವಳು ಮಂಚದ ಇನ್ನೊಂದು ಬದಿಗೆ ಬಂದು, ಉಳಿದ ಅರ್ಧವನ್ನು ಕೈಗೆತ್ತಿಕೊಂಡಳು.