ಬಾವಿ ಪಕ್ಕದ ಎಕರೆ

ದಿಗ್ಗೇವಾಡಿಯ ಮಂಗಲಾ ಸೋಸಿ ಕುದಿಸದ ನೀರನ್ನು ಮನೆಯಲ್ಲಿ ಯಾರಿಗೂ ಕೊಟ್ಟವಳಲ್ಲ. ಜೈನ ಮನೆತನದ ಈ ಪದ್ಧತಿಯನ್ನು ಅತ್ತೆಯಿಂದ ಕಲಿತಿದ್ದಳು. ಸೊಸೆ ಕಾಜಲಳಿಗೆ ಎದೆಹಾಲು ಸಾಲದಾದಾಗ, ಎರಡು ತಿಂಗಳ ಮೊಮ್ಮಗಳಿಗೆ ಹಾಲಿನ ಪುಡಿ ಕಲಸಿದ್ದೂ ಕುದಿಸಿದ ಬಾವಿ ನೀರಿನಲ್ಲೇ. ಒಂದು ಬೆಳಿಗ್ಗೆ ಕೂಸಿನ ತುಟಿ, ಉಗುರು ನೀಲಿಗಟ್ಟಿದವು.

ಚಿಕ್ಕೋಡಿಯ ಡಾಕ್ಟರು ಕೂಸನ್ನು ಉಳಿಸಿದರು. ಆಮೇಲೆ ನೀರಿನ ಬಗ್ಗೆ ವಿಚಾರಿಸಿದರು.

“ಇಪ್ಪತ್ತ ಮಿನಿಟ್ ಕುದಿಸೇನ್ರಿ,” ಎಂದಳು ಮಂಗಲಾ.

“ಕುದಿಸಿದ್ರ ಕ್ರಿಮಿ ಸಾಯ್ತಾವ್ರಿ ಅಕ್ಕಾರ. ಕೂಸಿನ ಮೈ ನೀಲಿ ಮಾಡಿದ ನೈಟ್ರೇಟ್ ಹೋಗೂದಿಲ್ಲ, ನೀರ ಕಡಿಮಿ ಆದಂಗ ಇನ್ನಷ್ಟ ಗಟ್ಟಿ ಆಗತೈತಿ. ಕಬ್ಬಿಗಿ ಹಾಕಿದ ಯೂರಿಯಾನ ಮಣ್ಣಾಗ ನೈಟ್ರೇಟ್ ಆಗತೈತಿ. ಬೆಳಿ ಉಂಡ ಉಳದದ್ದು ನೀರಿನ ಸಂಗಾಟ ಬಾವಿಗಿ ಇಳೀತೈತಿ.”

ಅವಳ ಗಂಡ ಧನಪಾಲನ ಕಬ್ಬು ಕಡುಹಸಿರಿಗೆ ಹೆಸರಾಗಿತ್ತು. ಯೂರಿಯಾ ಎರಚಿ, ಹೊಲ ತುಂಬ ನೀರು ಬಿಡುವುದು ಅವನ ರೂಢಿ. ಊರಿಗೆ ಮರಳಿದ ದಿನವೇ ಮಂಗಲಾ ಕೇಳಿದಳು:

“ಬಾವಿ ಪಕ್ಕದ ಎಕರೆ ನನಗ ಬಿಡ್ರಿ. ಅರ್ಧಾನ ಯೂರಿಯಾ ಹಾಕ್ತೀನಿ.”

“ಕಬ್ಬ ಹಳದಿ ಆದ್ರ ಊರ ನಗತೈತಿ.”

“ನಗ್ಲಿ.”

ಕೂಸಿಗೆ ಊರಿನ ಶುದ್ಧ ನೀರಿನ ಘಟಕದಿಂದ ಕೊಡ ತರಿಸಿದಳು. ಕಬ್ಬಿನ ಸಾಲುಗಳ ನಡುವೆ ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದಳು. ಕಬ್ಬಿನ ಒಣಗರಿಯನ್ನು, ಅಂದರೆ ರವದಿಯನ್ನು, ಸುಡದೆ ನೆಲಕ್ಕೆ ಹಾಸಿದಳು. ಯೂರಿಯಾವನ್ನು ನಾಲ್ಕು ಕಂತು ಮಾಡಿ, ಬೇರಿನ ಬದಿಗೆ ಇಟ್ಟು ಮಣ್ಣು ಮುಚ್ಚಿದಳು. ನೀರನ್ನೂ ಮಿತವಾಗಿ ಬಿಟ್ಟಳು.

ಆದರೂ ಗರಿ ಸ್ವಲ್ಪ ಮಂಕಾಯಿತು. ಪಕ್ಕದ ಹೊಲದ ಭರಮು ಬದುವಿನಿಂದಲೇ ಕೂಗಿದ: “ವೈನಿ, ಕಬ್ಬಿಗಿ ಕಾಮಾಲಿ ಆಗೇತೇನ?” ಅವತ್ತು ಮಂಗಲಾ ಯೂರಿಯಾ ಚೀಲದ ಬಾಯಿ ಬಿಚ್ಚಿದಳು. ಬಹಳ ಹೊತ್ತು ನಿಂತು, ಮತ್ತೆ ಕಟ್ಟಿಟ್ಟಳು.

ಕಟಾವಾಯಿತು. ಧನಪಾಲನ ಎಕರೆಗೆ ನಲವತ್ತೇಳು ಟನ್, ಅವಳದಕ್ಕೆ ನಲವತ್ತಾರು. ತೂಕದ ಚೀಟಿಯನ್ನು ಅವನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ. ಆ ವಾರ ಊರಿನ ರೈತರ ಸೊಸೈಟಿಯ ಸಭೆಯಲ್ಲಿ, ಯಾರೂ ಕೇಳದೆಯೇ ಎದ್ದು ನಿಂತ.

“ಬಾವಿ ಕೆಡಿಸಿದಂವ ನಾನು. ಸುಧಾರ್ಸಾಕತ್ತಾಕಿ ನಮ್ಮ ಮಂಗಲಾ.”

ಹಿಂದಿನ ಸಾಲಿನಲ್ಲಿದ್ದ ಮಂಗಲಾ ಸೆರಗು ಸರಿಪಡಿಸಿಕೊಂಡಳು. ತಲೆ ಮಾತ್ರ ತಗ್ಗಿಸಲಿಲ್ಲ.

ಮೂರು ವರ್ಷವಾಯಿತು. ಈಗ ಬಾವಿಯ ಸುತ್ತಲಿನ ಹನ್ನೊಂದು ಹೊಲಗಳಲ್ಲಿ, ಭರಮುವಿನದರಲ್ಲೂ, ಅವಳದೇ ಪದ್ಧತಿ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ಒಳಗಿರಬೇಕಾದ ನೈಟ್ರೇಟ್ ಬಾವಿ ನೀರಿನಲ್ಲಿ ಆಗ ನೂರಾಹತ್ತಿತ್ತು. ಈಗ ಅರವತ್ತೆಂಟಕ್ಕೆ ಬಂದಿದೆ. ಮೊನ್ನೆ ಐಗಳಿ ಊರಿನಿಂದ ಹೊಲ ನೋಡಲು ಬಂದ ಹೆಂಗಸರಲ್ಲೊಬ್ಬಳು ಕೇಳಿದಳು:

“ಈಗ ಬಾವಿ ನೀರ ಕುಡೀತೀರೇನ್ರಿ?”

“ಇನ್ನೂ ಇಲ್ರಿ. ಆದ್ರ ಇಳಿಸಾಕತ್ತೇವಿ, ನಾವ ಇಳಿಸಾಕತ್ತೇವಿ,” ಎಂದಳು ಮಂಗಲಾ. “ಬರ್ರಿ, ರವದಿ ಹೆಂಗ ಹಾಸೂದು ತೋರಸ್ತೀನಿ.”