ಮೇವಿಸಳ ಕೆಂಪು ಮೇಪಲ್

"ಬೀಗ ಒಡೆದಿಲ್ಲ, ಸರಪಳಿ ಕತ್ತರಿಸಿಲ್ಲ. ಕೀಲಿಕೈ ಎಲ್ಲಿ ನೇತಾಡುತ್ತೆ ಅಂತ ಗೊತ್ತಿರೋದು ಇಬ್ರಿಗೆ. ನನ್ನ ಗಿಡಾನ ನಾನೇ ಕದಿಯೋಳಲ್ಲ. ಇನ್ನು ಉಳಿದೋನು ಯಾರು, ನೀನೇ ಹೇಳು."

ಮೇವಿಸ್ ಅಡುಗೆಮನೆಯ ಮೇಜಿಗೆ ಕೈಯೂರಿ ಹೀಗೆ ಕೇಳಿದಾಗ ಅವಳ ತಮ್ಮ ವಿಲ್ಫ್ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ. ಚಾಕು ಕೆಳಗಿಟ್ಟು, ತಾನು ಅದನ್ನು ಮುಟ್ಟಿಲ್ಲ ಎಂದ.

"ಅಪ್ಪನ ಗಡಿಯಾರಾನೂ ನೀನು ಮುಟ್ಟಿರಲಿಲ್ಲ. ಪಾಪ, ಅದೇ ನಡ್ಕೊಂಡು ಗಿರವಿ ಅಂಗಡಿಗೆ ಹೋಗಿತ್ತು."

ಆ ಮಾತು ಎತ್ತಬಾರದಿತ್ತು. ಅದು ವಿಲ್ಫ್ ಕುಡಿಯುತ್ತಿದ್ದ ಕಾಲದ್ದು. ಕುಡಿತ ಬಿಟ್ಟು, ಒಂದು ಚೀಲ ಹಿಡಿದು ಅಕ್ಕನ ಮನೆ ಬಾಗಿಲಿಗೆ ಬಂದ ದಿನ ಮೇವಿಸ್ ಅವನಿಗೆ ಮಾತು ಕೊಟ್ಟಿದ್ದಳು, ಹಳೆಯದನ್ನು ಈ ಮನೆಯಲ್ಲಿ ಯಾರೂ ಕೆದಕುವುದಿಲ್ಲ ಎಂದು. ಅವನು ಅಲ್ಲಿ ತಲೆಯೆತ್ತಿ ಓಡಾಡಿಕೊಂಡಿದ್ದದ್ದು ಆ ಒಂದು ಮಾತಿನ ಬಲದಿಂದ. ಈಗ ಒಂದು ಗಿಡಕ್ಕಾಗಿ ಅವಳೇ ಅದನ್ನು ಮುರಿದಿದ್ದಳು.

ಗಿಡವೇನೋ ಸಾಮಾನ್ಯದ್ದಲ್ಲ. ಮುಂಬಾಗಿಲ ಪಕ್ಕದ ನೀಲಿ ಕುಂಡದಲ್ಲಿದ್ದ ಕೆಂಪೆಲೆಯ ಮೇಪಲ್. ಮೊಣಕೈಯುದ್ದದ ಸಸಿಯಾಗಿದ್ದಾಗಿನಿಂದ ಮೇವಿಸ್ ಅದನ್ನು ಮಗುವಿನ ಹಾಗೆ ಸಾಕಿದ್ದಳು. ಆ ವಸಂತದಲ್ಲಿ ಅವರ ಬೀದಿಗೆ ಗಿಡಗಳ್ಳರ ಕಾಟ ಹತ್ತಿತ್ತು. ಒಬ್ಬರ ಮನೆಯ ತೂಗುಬುಟ್ಟಿ ಹೋಯಿತು, ಪಾದ್ರಿಯ ಮನೆ ಮುಂದಿನ ಗುಲಾಬಿ ಬೇರುಸಮೇತ ಹೋಯಿತು. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ ವಿಲ್ಫ್ ಸುಮ್ಮನೆ ಕೂರಲಿಲ್ಲ. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ಕುಂಡದ ತಳದ ತೂತಿನಿಂದ ಸರಪಳಿ ತೂರಿಸಿ ಬೀಗ ಹಾಕಿದ. ಕಿಟಕಿಯ ಕೆಳಗೆ ಮುಳ್ಳುಗಿಡ ನೆಟ್ಟ. ಬೀದಿಯವರು ನೋಡಲು ಬಂದು, ಗಿಡವನ್ನು ಜೈಲಿಗೆ ಹಾಕಿದ್ದೀಯಲ್ಲಯ್ಯ, ಯಾವಾಗ ಬಿಡುಗಡೆ ಎಂದು ನಕ್ಕರು. ನಕ್ಕವರೇ ಆಮೇಲೆ ತಮ್ಮ ಮನೆಗೂ ಹಾಕಿಕೊಡು ಎಂದು ಕರೆದರು.

ವಿಲ್ಫ್ ಕೂಗಾಡಲಿಲ್ಲ. ಗಿಡವನ್ನು ಕೊನೆಯ ಸಲ ಯಾವಾಗ ನೋಡಿದ್ದು ಎಂದಷ್ಟೇ ಕೇಳಿದ.

"ನಿನ್ನೆ, ಮೆಟ್ಟಿಲು ಉಜ್ಜುವಾಗ" ಎಂದಳು ಮೇವಿಸ್.

ಆ ಬೀದಿಯಲ್ಲಿ ಮುಂಬಾಗಿಲ ಮೆಟ್ಟಿಲನ್ನು ಹಳದಿ ಕಲ್ಲಿನಿಂದ ಉಜ್ಜಿ ಅಂಚು ತೀಡುವವಳು ಅವಳೊಬ್ಬಳೇ ಉಳಿದಿದ್ದಳು. ಮಾತು ಬಾಯಿಂದ ಬೀಳುತ್ತಿದ್ದಂತೆ ಅವಳ ಕಣ್ಣು ಮೇಜಿನ ಮೇಲಿದ್ದ ಜಾಮಿನ ಶೀಶೆಯ ಮೇಲೆ ನಿಂತಿತು.

ಅವರ ಬೀದಿಯ ಮನೆಗಳಿಗೆಲ್ಲ ಮುಂದೆ ಸೊಂಟದೆತ್ತರದ ಗೋಡೆ. ಅದರ ಮೇಲೆ ಇಟ್ಟದ್ದು ಬೇಕಾದವರಿಗೆ. ಹೆಚ್ಚಾದ ಲೆಟಿಸ್, ಮಕ್ಕಳಿಗೆ ಗಿಡ್ಡವಾದ ಕೋಟು, ಏನಾದರೂ ಸರಿ, ಕೇಳದೆ ಒಯ್ಯಬಹುದು. ಒಯ್ದವರು ಬದಲಿಗೆ ಕೈಲಾದದ್ದನ್ನು ಇಟ್ಟುಹೋಗುತ್ತಾರೆ. ನಿನ್ನೆ ಮೇವಿಸ್ ಮಿಕ್ಕ ಟೊಮೇಟೊ ಸಸಿಗಳನ್ನು ಗೋಡೆಯ ಮೇಲಿಟ್ಟಿದ್ದಳು. ಸಂಜೆ ಅಲ್ಲಿ ಜಾಮಿನ ಶೀಶೆ ಸಿಕ್ಕಾಗ, ಸಸಿಗೆ ಬಂದ ಬದಲಿ ಎಂದುಕೊಂಡು ಒಳಗೆ ತಂದಿದ್ದಳು. ಆದರೆ ಸಸಿಗಳು ಈ ಬೆಳಿಗ್ಗೆಯೂ ಅಲ್ಲೇ ಬಾಡಿ ಕೂತಿದ್ದವು. ಈಗ ನೆನಪಾಯಿತು, ಮೆಟ್ಟಿಲು ಉಜ್ಜಲು ಅಡ್ಡವಾಗುತ್ತದೆಂದು ಬೀಗ ತೆಗೆದು, ಕುಂಡವನ್ನು ಎತ್ತಿ ಗೋಡೆಯ ಮೇಲೆ ಇಟ್ಟವಳು ಅವಳೇ. ಅಷ್ಟರಲ್ಲಿ ಮಳೆ ಹನಿಯಿತು. ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ತರಲು ಓಡಿದವಳು ಕುಂಡವನ್ನು ಮರೆತೇಬಿಟ್ಟಿದ್ದಳು.

ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಎತ್ತರಕ್ಕೆ ಏರಿಸಿದ ದನಿಯನ್ನು ಇಳಿಸುವುದು ಹೇಗೆಂದು ಆ ಹೆಂಗಸಿಗೆ ಹುಟ್ಟಿದಾಗಿನಿಂದ ತಿಳಿದಿರಲಿಲ್ಲ.

"ಮಾತು ತಿರುಗಿಸಬೇಡ" ಎಂದು ಇನ್ನೂ ಜೋರಾಗಿ ಕೂಗಿದಳು. "ಗಿಡ ತಂದು ನನ್ನ ಮುಂದೆ ಇಟ್ಟು ಆಮೇಲೆ ಮಾತಾಡು."

ವಿಲ್ಫ್ ಅರ್ಧ ತಿಂದ ಬ್ರೆಡ್ ಬಿಟ್ಟು ಎದ್ದ. ಮನೆಮನೆಗೂ ಹೋಗಿ ಕೇಳಿ ಬರುತ್ತೇನೆಂದು ಟೊಪ್ಪಿಗೆ ತೆಗೆದುಕೊಂಡ.

ಅವನು ಹೊರಬಿದ್ದೊಡನೆ ಮೇವಿಸ್ ಶೀಶೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದಳು. ಪರದೆಯ ಸಂದಿಯಿಂದ ನೋಡಿದಳು. ನೋಯುವ ಮಂಡಿ ಎಳೆದುಕೊಂಡು ಏರು ಹತ್ತಿ, ಒಂದೊಂದು ಬಾಗಿಲಲ್ಲೂ ಟೊಪ್ಪಿಗೆ ಕಳಚಿ ಕೈಯಲ್ಲಿ ಹಿಡಿದು ಅವನು ಕೇಳುತ್ತಿದ್ದ. ಆ ಬಾಗಿಲುಗಳಲ್ಲಿ ನಿಂತವರಿಗೆಲ್ಲ ಗಡಿಯಾರದ ಕಥೆ ಗೊತ್ತಿತ್ತು. ಕದ್ದವನೇ ಹುಡುಕುವ ಸೋಗು ಹಾಕಿದ್ದಾನೆ ಎಂದು ಯಾರಾದರೂ ಅಂದುಕೊಂಡರೆ ತಪ್ಪೇನು? ಬಾಗಿಲು ತೆಗೆದು ಒಂದು ಕೂಗು ಹಾಕಿದ್ದರೆ ಅವನು ತಿರುಗಿ ಬರುತ್ತಿದ್ದ. ಕೂಗುವುದು ಅವಳಿಗೆ ಹೊಸದೇನಲ್ಲ. ಆದರೂ ಹೋಗಿ ಮಾಂಸದ ಪೈಗೆ ಹಿಟ್ಟು ನಾದಿದಳು. ಅವನಿಗೆ ಇಷ್ಟವಾದ ಅಡುಗೆ. ಕೆಂಪು ಕೋಸಿನ ಉಪ್ಪಿನಕಾಯಿಯನ್ನೂ ತೆಗೆದಿಟ್ಟಳು. ಊಟಕ್ಕೆ ಕೂತಾಗ ಹೇಳೋಣ, ಹೊಟ್ಟೆ ತುಂಬಿದವನಿಗೆ ಸಿಟ್ಟು ಕಡಿಮೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪೈ ಬೇಯುವ ಹೊತ್ತಿಗೆ ವಿಲ್ಫ್ ಬಂದ. ಕೂರಲಿಲ್ಲ.

"ಏರಿನ ತುದಿಯ ಐವಿ ಹಾವರ್ತ್ ಮನೇಲಿದೆ" ಎಂದ. "ಗೋಡೆ ಮೇಲಿತ್ತಂತೆ. ಕಳ್ಳರ ಕಾಟಕ್ಕೆ ಬೇಸತ್ತು ನೀನೇ ಕೊಟ್ಟುಬಿಟ್ಟಿದ್ದೀಯ ಅಂದ್ಕೊಂಡ್ಲಂತೆ. ಜಾಮ್ ಇಟ್ಟು ತಗೊಂಡು ಹೋದ್ಲಂತೆ. ವಾಪಸ್ ತಂದುಕೊಡ್ತಾಳೆ, ಪಾಪ, ಅಳೋ ಹಾಗಾಗಿದ್ದಾಳೆ."

ಮೇವಿಸ್ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

"ನಿಂಗೆ ಯಾವಾಗ ಗೊತ್ತಾಯ್ತಕ್ಕ?"

"ಈಗ. ನೀನು ಹೇಳಿದ್ಮೇಲೆ."

ವಿಲ್ಫ್ ಮೇಜನ್ನು ನೋಡಿದ. ಅವನ ತಟ್ಟೆ, ಚಾಕು, ಬೆಣ್ಣೆ ಎಲ್ಲ ಬಿಟ್ಟುಹೋದ ಜಾಗದಲ್ಲೇ ಇದ್ದವು. ಶೀಶೆ ಮಾತ್ರ ಇರಲಿಲ್ಲ.

"ಗಡಿಯಾರ ಕದ್ದಾಗ ನಾನು ಕುಡಿದಿದ್ದೆ" ಎಂದ ಮೆಲ್ಲಗೆ. "ನೀನು ಕುಡಿಯೋದೂ ಇಲ್ಲವಲ್ಲ."

ಅವಳ ನಾಲಿಗೆಯ ತುದಿಗೆ ಬಂದದ್ದು ತಪ್ಪಾಯ್ತು ಎಂಬ ಒಂದೇ ಮಾತು. ಅದನ್ನು ಬಿಟ್ಟು ಬೇರೆಯದು ಹೊರಬಂತು. "ಕೂತ್ಕೊ, ಪೈ ಆರಿಹೋಗುತ್ತೆ."

ಹಸಿವಿಲ್ಲ ಎಂದ ವಿಲ್ಫ್. ಮೊಳೆಗೆ ಹಾಕಿದ್ದ ಕೋಟು ತೊಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಮೇವಿಸ್ ಮನೆಯ ಚಪ್ಪಲಿಯಲ್ಲೇ ಗೇಟಿನ ತನಕ ಓಡಿದಳು. ಎದುರುಮನೆಯವಳು ಕಿಟಕಿ ಒರೆಸುತ್ತ ಇತ್ತಲೇ ನೋಡುತ್ತಿದ್ದಳು. ಬೀದಿಯಲ್ಲಿ ತಮ್ಮನ ಹಿಂದೆ ಓಡಿದರೆ ಇವಳು ಏನಂದುಕೊಂಡಾಳು ಎಂದು ಮೇವಿಸ್ ಹುಲ್ಲು ಕೀಳುವವಳಂತೆ ಬಗ್ಗಿದಳು. ಇಲ್ಲದ ಕಳೆಯನ್ನು ಕಿತ್ತು, ಇನ್ನೊಂದನ್ನು ಕಿತ್ತು, ತಲೆ ಎತ್ತುವಷ್ಟರಲ್ಲಿ ವಿಲ್ಫ್ ಇಳಿಜಾರಿನ ತಿರುವು ದಾಟಿದ್ದ.

ಕಾಲುವೆ ದಂಡೆಯಲ್ಲಿ ತಿರುಗಾಡಿ ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದುಕೊಂಡು ರಾತ್ರಿ ಎರಡು ತಟ್ಟೆ ಹಾಕಿದಳು. ಮರುದಿನವೂ ಹಾಕಿದಳು. ವಿಲ್ಫ್ ಬರಲಿಲ್ಲ. ತನ್ನ ಬಟ್ಟೆಬರೆ ಕೇಳಿಕೊಂಡು ಯಾರನ್ನೂ ಕಳಿಸಲೂ ಇಲ್ಲ.